ಐದು ಗೆದ್ದವರಿಗೂ ಒಂದು ಬೌಲ್

ಮದುವೆಯಾದ ಹೊಸತರಲ್ಲಿ ಒಂದು ಸಂಜೆ ಶ್ರೀಧರ ಅಮೆರಿಕದ ಗೆಳೆಯನೊಡನೆ ಮಾತಾಡಿ ಫೋನಿಟ್ಟು, ಮುಖ ಸಪ್ಪಗೆ ಮಾಡಿಕೊಂಡು, "ಈ ವರ್ಷಾನೂ ನಮಗೆ ಬೌಲ್ ಸಿಗ್ಲಿಲ್ಲ ಕಣೇ" ಎಂದ. "ಹೋಗ್ಲಿ ಬಿಡು, ಮನೇಲಿ ಬೇಕಾದಷ್ಟಿವೆ" ಎಂದು ನಾನು ಸಮಾಧಾನ ಮಾಡಿದೆ. ತಪ್ಪು ನನ್ನದಲ್ಲ. ನಾನು ಬೆಳೆದ ಮೈಸೂರಿನ ಬಡಾವಣೆಯಲ್ಲಿ ಆಟದಲ್ಲಿ ಗೆದ್ದವರಿಗೆ ಪಾತ್ರೆಯನ್ನೇ ಬಹುಮಾನ ಕೊಡುತ್ತಿದ್ದರು. ನಿಂಬೆಹಣ್ಣು-ಚಮಚದ ಓಟಕ್ಕೆ ಸ್ಟೀಲ್ ಬಟ್ಟಲು, ಮ್ಯೂಸಿಕಲ್ ಚೇರಿಗೆ ಮುಚ್ಚಳವಿರುವ ಡಬ್ಬಿ. ಅಮೆರಿಕ ದೊಡ್ಡ ದೇಶ, ಬೋಗುಣಿ ಕೊಡುತ್ತಾರೇನೋ ಎಂದುಕೊಂಡಿದ್ದೆ.

ಶ್ರೀಧರ ಎರಡು ವರ್ಷ ಅಮೆರಿಕದಲ್ಲಿ ಓದಿದವನು. ಅಲ್ಲಿಂದ ಒಂದು ಡಿಗ್ರಿಯನ್ನೂ ಒಂದು ಹುಚ್ಚನ್ನೂ ತಂದ. ಡಿಗ್ರಿ ನಮ್ಮನ್ನು ಆಮ್‌ಸ್ಟರ್‌ಡಾಮಿನ ಬೈಟನ್‌ವೆಲ್ಡರ್ಟ್‌ಗೆ ಮುಟ್ಟಿಸಿ ಸುಮ್ಮನಾಯಿತು. ಹುಚ್ಚು ಇನ್ನೂ ಇದೆ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಓಡುವ ಆಟಕ್ಕೆ ಅವರು ಫುಟ್‌ಬಾಲ್ ಎನ್ನುತ್ತಾರೆ. ಚೆಂಡನ್ನು ಕಾಲಲ್ಲೇ ಒದೆಯುವ ಡಚ್ಚರ ನಡುವೆ ಕೂತು ಇವನು ತನ್ನ ಕಾಲೇಜಿನ ತಂಡಕ್ಕಾಗಿ ಪ್ರತಿ ಚಳಿಗಾಲವೂ ಒಬ್ಬನೇ ಕೊರಗುತ್ತಾನೆ.

ಬೌಲ್ ಎಂದರೆ ಏನೆಂದು ನನಗೆ ಅರ್ಥವಾಗಲು ಕೆಲವು ಡಿಸೆಂಬರುಗಳೇ ಬೇಕಾದವು. ಹನ್ನೆರಡು ಪಂದ್ಯ ಆಡಿ ಆರನ್ನಾದರೂ ಗೆದ್ದ ತಂಡಗಳಿಗೆ ಋತುವಿನ ಕೊನೆಯಲ್ಲಿ ಇನ್ನೊಂದು ಪಂದ್ಯದ ಗೌರವ ಸಿಗುತ್ತದೆ. ಹಿಂದೊಮ್ಮೆ ಇಂಥ ಪಂದ್ಯ ನಡೆದ ಮೈದಾನ ಬೋಗುಣಿಯ ಆಕಾರದಲ್ಲಿತ್ತಂತೆ, ಹೆಸರು ಪಂದ್ಯಕ್ಕೇ ಅಂಟಿಕೊಂಡಿತಂತೆ. ಅಂದರೆ ನಾನು ಪೂರಾ ತಪ್ಪಾಗಿರಲಿಲ್ಲ. ಕಾಲೇಜುಗಳು ನೂರಾರು, ಎಲ್ಲರೂ ಎಲ್ಲರೊಡನೆ ಆಡುವುದು ಸಾಧ್ಯವಿಲ್ಲ. ಹಾಗಾಗಿ ಯಾರು ಮೇಲು, ಯಾರು ಕೆಳಗು ಎಂದು ಒಂದು ಸಮಿತಿ ಕೂತು ರ‍್ಯಾಂಕು ಹಂಚುತ್ತದೆ. ಅವರು ಇವರನ್ನು ಸೋಲಿಸಿದರು, ಇವರು ಮತ್ತೊಬ್ಬರನ್ನು, ಆ ಮತ್ತೊಬ್ಬರು ಮೊದಲಿನವರನ್ನೇ. ಈಗ ದೊಡ್ಡವರು ಯಾರು? ಇದನ್ನು ಅಲ್ಲಿನ ಜನ ಜಾತಕ ಕೂಡಿಸುವವರ ಗಾಂಭೀರ್ಯದಲ್ಲಿ ವಾರಗಟ್ಟಲೆ ಚರ್ಚಿಸುತ್ತಾರೆ.

ನಮಗೆ ಇದು ಹೊಸದೇನಲ್ಲ. ರ‍್ಯಾಂಕು ಬಂದ ಮಗುವಿನ ಬಾಯಿಗೆ ಅಪ್ಪ ಅಮ್ಮ ಎರಡೂ ಕಡೆಯಿಂದ ಪೇಡೆ ತುರುಕುವ ಫೋಟೋವನ್ನು ಪೇಪರಿನಲ್ಲಿ ನೋಡಿಕೊಂಡೇ ಬೆಳೆದವರು ನಾವು. ಡಚ್ಚರ ಮಾತೇ ಬೇರೆ. ಇಲ್ಲಿ ಹತ್ತಕ್ಕೆ ಆರು ಬಂದರೆ ಪಾಸು, ಐದೂವರೆ ಬಂದರೂ ಆರೆಂದೇ ಎಣಿಕೆ. ಅದಕ್ಕೊಂದು ಮುದ್ದು ಹೆಸರೂ ಇದೆ: ಝೆಸ್ಯೆ, ಪುಟಾಣಿ ಆರು. ತನ್ನ ಮಗಳ ರಿಪೋರ್ಟಿನಲ್ಲಿ ಝೆಸ್ಯೆ ಕಂಡರೆ ಪಕ್ಕದ ಮನೆಯಾಕೆ, "ಸಾಕಲ್ಲ, ಪಾಸಾಯಿತು" ಎಂದು ಕಾಫಿಗೆ ನೀರಿಡುತ್ತಾಳೆ. ನಮ್ಮ ಮನೆಯಲ್ಲಿ ಝೆಸ್ಯೆ ಬಂದರೆ ಸೂತಕ.

ಈ ಸಲ ಅದು ಬಂತು. ನಮ್ಮ ಹದಿನಾಲ್ಕರ ಮಗಳು ಸಿರಿಗೆ ಗಣಿತದಲ್ಲಿ ಐದೂವರೆ. ಶಾಲೆಯ ಲೆಕ್ಕದಲ್ಲಿ ಪಾಸು, ಅಪ್ಪನ ಲೆಕ್ಕದಲ್ಲಿ ಫೇಲು. ಸಿರಿ ತನ್ನ ಹಾಕಿ ತಂಡದ ಗೋಲ್‌ಕೀಪರ್. ನೈಮೆಗನ್‌ನಲ್ಲಿ ಒಳಾಂಗಣ ಹಾಕಿ ಟೂರ್ನಿಗೆ ಎರಡೇ ವಾರವಿತ್ತು, ತಂಡಕ್ಕೆ ಬೇರೆ ಗೋಲ್‌ಕೀಪರೂ ಇರಲಿಲ್ಲ. "ಏಳು ಬರೋವರೆಗೂ ಹಾಕಿ ಇಲ್ಲ" ಎಂದು ಶ್ರೀಧರ ತೀರ್ಪು ಕೊಟ್ಟ. ಸಿರಿ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಜೋರಾಗಿ ಬಡಿದಿದ್ದರೆ ಬೈಯಬಹುದಿತ್ತು. ಮೆಲ್ಲಗೆ ಹಾಕಿದಳು, ಅದಕ್ಕೇ ನನಗೆ ಸಂಕಟವಾಯಿತು.

ವಿಧಿಯ ತಮಾಷೆ ನೋಡಿ, ಅದೇ ವಾರ ಶ್ರೀಧರನ ಕಾಲೇಜು ಕೊನೆಯ ಪಂದ್ಯವನ್ನೂ ಸೋತು ಐದು ಗೆಲುವಿಗೆ ನಿಂತಿತು. ಆರಕ್ಕೆ ಒಂದು ಕಡಿಮೆ. ಇವನು ಬಿಡುತ್ತಾನೆಯೇ? ಹೆತ್ತವರಿಗೆ ಹೆಗ್ಗಣ ಮುದ್ದು. ಅಮೆರಿಕದಲ್ಲೇ ಉಳಿದಿರುವ ಹಳೆಯ ರೂಮ್‌ಮೇಟ್ ವೆಂಕಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ, ಊಟದ ಮೇಜಿನ ಮೇಲೇ ವಾದ ಶುರು ಮಾಡಿದ.

"ಐದು ಅಂತ ಬರೀ ನಂಬರ್ ನೋಡ್ಬಾರ್ದು ಕಣೋ. ಎಂಥ ಟಫ್ ಟೀಮ್‌ಗಳ ಜೊತೆ ಆಡಿದ್ದಾರೆ ನೋಡು. ಹುಡುಗ್ರು ಎಷ್ಟು ಎಫರ್ಟ್ ಹಾಕಿದ್ದಾರೆ, ಅದಕ್ಕೆ ಬೆಲೆ ಇಲ್ವಾ?"

ಎದುರಿಗೆ ಸಿರಿ ಚಪಾತಿ ಹರಿಯುತ್ತಾ ಅಪ್ಪನನ್ನೇ ನೋಡುತ್ತಿದ್ದಳು. ಒಂದು ಮಾತೂ ಆಡಲಿಲ್ಲ. ಹುಡುಗಿ ವಕೀಲಳಾಗುತ್ತಾಳೆ ಎಂದು ನನಗೆ ಆಗಲೇ ಅನ್ನಿಸಿತು.

ತಂಡಗಳ ಆಯ್ಕೆ ಭಾನುವಾರ ಸಂಜೆ ಪ್ರಕಟವಾಯಿತು. ಆರು ಗೆದ್ದ ತಂಡಗಳು ಸಾಕಾಗದೆ ಕೆಲವು ಜಾಗ ಖಾಲಿ ಉಳಿದಿದ್ದವು. ಹಾಗೆ ಉಳಿದರೆ ಐದು ಗೆದ್ದವರನ್ನೂ ಕರೆಯುವುದುಂಟು. ಅವರಲ್ಲಿ ಯಾರನ್ನು ಎಂಬುದಕ್ಕೆ ಅಲ್ಲೊಂದು ನಿಯಮವಿದೆಯಂತೆ: ಯಾವ ತಂಡದ ಆಟಗಾರರು ಓದಿನಲ್ಲಿ ಮುಂದಿದ್ದಾರೋ ಅವರು. ಶ್ರೀಧರನ ಕಾಲೇಜಿನ ಹುಡುಗರು ಚೆಂಡು ಹಿಡಿಯುವುದರಲ್ಲಿ ಅಷ್ಟಕ್ಕಷ್ಟೇ, ಪುಸ್ತಕ ಹಿಡಿಯುವುದರಲ್ಲಿ ಗಟ್ಟಿಗರು. ಬೌಲ್ ಸಿಕ್ಕಿತು!

ಶ್ರೀಧರ ಸೋಫಾದಿಂದ ಎದ್ದು ಕುಣಿದ. ಕನ್ನಡದ ಅಪ್ಪನಿಗೆ ಇದಕ್ಕಿಂತ ದೊಡ್ಡ ಹಬ್ಬ ಯಾವುದು? ಆಟಕ್ಕೂ ಮಾರ್ಕ್ಸೇ ಗತಿ ಎಂದು ಅಮೆರಿಕವೇ ಒಪ್ಪಿಕೊಂಡ ಹಾಗಾಯಿತು. "ನೋಡಿದ್ಯಾ ಸಿರಿ? ಓದಿದ್ರೆ ಆಟ ತಾನಾಗೇ ಬರತ್ತೆ!"

ಸಿರಿ ಕಾಯುತ್ತಿದ್ದದ್ದೇ ಇದಕ್ಕೆ. "ಅಪ್ಪಾ, ವೇಟ್. ನಿನ್ನ ಟೀಮು ಆಟದಲ್ಲಿ ಫೇಲು, ಓದಿನಲ್ಲಿ ಪಾಸು. ಅವರನ್ನ ಆಡೋಕೆ ಬಿಟ್ರು. ನಾನು ಆಟದಲ್ಲೂ ಪಾಸು, ಓದಿನಲ್ಲೂ ಪಾಸು. ಝೆಸ್ ಈಸ್ ಝೆಸ್, ಆರು ಅಂದ್ರೆ ಆರು. ನಾನ್ಯಾಕೆ ಮನೇಲಿ ಕೂತ್ಕೋಬೇಕು?"

ಶ್ರೀಧರ ನನ್ನ ಕಡೆ ತಿರುಗಿ, "ನೀನೇ ಹೇಳು" ಎಂದ. ಸೌಟು ಹಿಡಿದು ನಿಂತಲ್ಲೇ ನಾನು ಆಯ್ಕೆ ಸಮಿತಿಯಾಗಿಬಿಟ್ಟೆ. ದೂರದಲ್ಲಿ ಕೂತು ಸಮಿತಿಯನ್ನು ಬೈಯುವುದು ಸುಲಭ, ತೀರ್ಪು ಕೊಡುವ ಸರದಿ ಬಂದಾಗಲೇ ಗೊತ್ತಾಗುವುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಗಣಿತವನ್ನು ಆಮೇಲೆ ನಾನೇ ಕೂತು ಹೇಳಿಕೊಡುತ್ತೇನೆ ಎಂದೆ. ನನ್ನ ಗಣಿತ ಗೊತ್ತಿದ್ದೂ ಇಬ್ಬರೂ ನಗಲಿಲ್ಲ, ಅಷ್ಟು ಗಂಭೀರ ಗಳಿಗೆ. "ಅವಳು ನೈಮೆಗನ್‌ಗೆ ಹೋಗ್ಲಿ" ಎಂದು ತೀರ್ಪು ಕೊಟ್ಟೆ.

ಆಮೇಲೆ ಪಾತ್ರೆ ಒರೆಸಲು ಅಡುಗೆಮನೆಗೆ ಬಂದ ಶ್ರೀಧರ ತಾನಾಗಿಯೇ ಹೇಳಿದ. ಅಮೆರಿಕಕ್ಕೆ ಹೋದ ಮೊದಲ ಮೂರು ತಿಂಗಳು ಲೈಬ್ರರಿ, ಲ್ಯಾಬು ಬಿಟ್ಟರೆ ಅವನಿಗೆ ಬೇರೇನೂ ಇರಲಿಲ್ಲವಂತೆ. ಎಲ್ಲ ವಿಷಯದಲ್ಲೂ ಒಳ್ಳೆಯ ಗ್ರೇಡು, ಆದರೆ ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಒಂದು ಶನಿವಾರ ವೆಂಕಿ ಎಳೆದುಕೊಂಡು ಹೋಗಿ ಮ್ಯಾಚಿಗೆ ಕೂರಿಸಿದನಂತೆ. ಅವತ್ತು ತಂಡ ಹೀನಾಯವಾಗಿ ಸೋತಿತು. ಪಕ್ಕದಲ್ಲಿದ್ದ ಗುರುತಿಲ್ಲದ ಮುದುಕ ಇವನ ಹೆಗಲ ಮೇಲೆ ಕೈಹಾಕಿ, "ಮುಂದಿನ ವಾರ ನಾವು ಗೆಲ್ತೀವಿ" ಎಂದನಂತೆ.

"ನಾವು ಅಂದ ಕಣೇ. ನನ್ನನ್ನೂ ಸೇರಿಸಿ" ಎಂದ ಶ್ರೀಧರ. ನನಗೆ ಕಣ್ಣು ತುಂಬಿತು. ಇಷ್ಟು ವರ್ಷ ನಾನು ನಗುತ್ತಿದ್ದದ್ದು ಯಾವ ಹುಚ್ಚಿಗೆ ಎಂದು ಅವತ್ತು ತಿಳಿಯಿತು.

ಮುಂದಿನ ಶನಿವಾರ ಸಿರಿಯ ದಪ್ಪ ಪ್ಯಾಡುಗಳ ಚೀಲವನ್ನು ಅವನೇ ಹೊತ್ತು ರೈಲು ಹತ್ತಿದ. ನಾನು ಪುಳಿಯೋಗರೆಯ ಡಬ್ಬಿ ಹಿಡಿದಿದ್ದೆ. ನೈಮೆಗನ್‌ನ ಕ್ರೀಡಾಭವನದಲ್ಲಿ ಡಚ್ ಅಪ್ಪಂದಿರು ಕೈಕಟ್ಟಿ ನಿಂತು ಶಿಸ್ತಾಗಿ ಆಟ ನೋಡುತ್ತಿದ್ದರು. ನಮ್ಮವನೊಬ್ಬ ಮಾತ್ರ, "ಬಿಡ್ಬೇಡ ಸಿರೀ! ಹಿಡ್ಕೋ, ಹಿಡ್ಕೋ!" ಎಂದು ಇಡೀ ನೈಮೆಗನ್‌ಗೆ ಕೇಳುವಂತೆ ಕೂಗಿದ. ಮಗಳು ಕೆಲವು ಬಿಟ್ಟಳು, ಹೆಚ್ಚಿನವನ್ನು ತಡೆದಳು. ಒಮ್ಮೆ ನೆಲಕ್ಕೆ ಬಿದ್ದು ಕಾಲಿನಿಂದ ಚೆಂಡು ತಡೆದಾಗ, ಪಕ್ಕದಲ್ಲಿದ್ದ ಡಚ್ ಅಪ್ಪನನ್ನು ಶ್ರೀಧರ ತಬ್ಬಿಕೊಂಡೇಬಿಟ್ಟ. ಆತ ಬೆಚ್ಚಿದರೂ ಬೆನ್ನು ತಟ್ಟಿದ.

ವಾಪಸು ರೈಲಿನಲ್ಲಿ ಸಿರಿ ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ವೆಂಕಿಯ ಫೋನು ಬಂತು. ಶ್ರೀಧರ ಪಿಸುದನಿಯಲ್ಲೇ ಒಂದೊಂದು ಚೆಂಡನ್ನೂ ವರ್ಣಿಸಿದ. ಎಲ್ಲ ಕೇಳಿ ವೆಂಕಿ, "ಅದೆಲ್ಲ ಸರಿ, ಕೊನೆಗೆ ಎಷ್ಟನೇ ಪ್ಲೇಸ್ ಬಂತು?" ಎಂದ.

ರ‍್ಯಾಂಕಿನ ಮೇಲೆ ಪ್ರಾಣವಿಟ್ಟುಕೊಂಡ ನನ್ನ ಗಂಡ ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ಮಗಳನ್ನು ನೋಡಿದ.

"ಅಯ್ಯೋ, ಅದನ್ನ ಕೇಳೋದೇ ಮರ್ತೋಯ್ತು ಕಣೋ" ಎಂದ.