ಅರಳಿದ ಹೂವನ್ನು ಕಟ್ಟದ ಅಕ್ಕ

ಮೊನ್ನೆ ಉಡುಪಿಯ ಕಡಿಯಾಳಿಯಲ್ಲಿ ಮಲ್ಲಿಗೆ ಕೊಳ್ಳಲು ನಿಂತಿದ್ದಾಗ ಬಾಳೆನಾರಿನ ಹಸಿ ವಾಸನೆ ಮೂಗಿಗೆ ಬಡಿಯಿತು. ಹೂವಿನಾಕೆ ಗಿರಾಕಿಗಳೊಡನೆ ಹರಟುತ್ತಲೇ ಕಟ್ಟುತ್ತಿದ್ದಳು. ಅರಳಿದ ಹೂ ಕೈಗೆ ಸಿಕ್ಕರೆ ಪಕ್ಕಕ್ಕೆ ಸರಿಸುತ್ತಿದ್ದಳು. ಆ ಕೈಯನ್ನು ನೋಡುತ್ತಾ ನಾನು ನಿಂತೇಬಿಟ್ಟೆ...

ಎಪ್ಪತ್ತರ ದಶಕದಲ್ಲಿ ಕಾಪು ಕಡೆಯ ನಮ್ಮ ಮನೆಯ ಪಕ್ಕದಲ್ಲಿ ಮಲ್ಲಿಗೆ ಬೆಳೆಯುವ ಕ್ರಿಶ್ಚಿಯನ್ ಕುಟುಂಬವಿತ್ತು. ಮನೆಯೊಡತಿಯನ್ನು ನಾವು ಬಾಯಮ್ಮ ಎನ್ನುತ್ತಿದ್ದೆವು. ಅವರ ಹಿರಿಮಗಳು ನನಗೆ ಅಕ್ಕ. ಅಕ್ಕ ಮಾತಾಡುವುದು ಅಪರೂಪ, ಮುಖ ನೋಡುವುದು ಇನ್ನೂ ಅಪರೂಪ. ಶಾಲೆಯ ಗಂಟೆ ಬಾರಿಸಿದರೆ ಕಿವಿ ಮುಚ್ಚಿ ಚೀರುತ್ತಿದ್ದಳಂತೆ. ಒಂದನೆಯ ಕ್ಲಾಸು ಮುಗಿಯುವ ಮೊದಲೇ ಮೇಷ್ಟ್ರು ಮನೆಗೆ ಕಳುಹಿಸಿದರು. ಊರು ಅವಳಿಗೆ ಮರುಳು ಎಂದು ಹೆಸರಿಟ್ಟು ಕೈತೊಳೆದುಕೊಂಡಿತು.

ಹೂ ಕಟ್ಟಲು ಕೂತರೆ ಮಾತ್ರ ಅಕ್ಕ ಬೇರೆಯೇ. ಬೆಳಗಾದರೆ ಜಗಲಿಯ ಅದೇ ಮೂಲೆ, ಅದೇ ಮಣೆ, ನೀರಲ್ಲಿ ನೆನೆಸಿದ ನಾರು. ಮೊಗ್ಗನ್ನಷ್ಟೇ ಕಟ್ಟಬೇಕು, ಅರಳಿದ್ದನ್ನು ವ್ಯಾಪಾರಿಗಳು ತೆಗೆದುಕೊಳ್ಳುವುದಿಲ್ಲ ಎಂದು ಬಾಯಮ್ಮ ಕಲಿಸಿದ್ದರು. ಅಕ್ಕ ಅದನ್ನು ಎಂದೂ ಮೀರಲಿಲ್ಲ. ಹೈಸ್ಕೂಲಿಗೆ ಹೊರಡುವ ಮುನ್ನ ನಾನೂ ಪಕ್ಕದಲ್ಲಿ ಕೂರುತ್ತಿದ್ದೆ. ನನ್ನ ಗಂಟು ಸಡಿಲವಾದರೆ ಬಿಚ್ಚಿ ನನ್ನತ್ತಲೇ ತಳ್ಳುತ್ತಿದ್ದಳು. ನಮ್ಮ ಸ್ನೇಹವೆಂದರೆ ಅಷ್ಟೇ, ನನಗೆ ಅದು ಸಾಕಿತ್ತು.

ಅಕ್ಕನ ತಂಗಿಗೆ ಗಲ್ಫಿನ ಸಂಬಂಧ ಕೂಡಿಬಂದಾಗ ಎಲ್ಲ ಕೆಟ್ಟಿತು. ಗಂಡಿನ ಕಡೆಯವರ ಕಣ್ಣಿಗೆ ಅಕ್ಕ ಬೀಳಬಾರದೆಂದು ಮನೆಯ ಹಿರಿಯರು ಅವಳನ್ನು ಕಾರ್ಕಳದ ಆಚೆ ಕ್ರೈಸ್ತ ಸನ್ಯಾಸಿನಿಯರು ನಡೆಸುವ ಒಂದು ಆಶ್ರಮಕ್ಕೆ ಸೇರಿಸಿದರು. ಮದುವೆ ಮುಗಿದ ಮೇಲೆ ಕರೆತರುತ್ತೇವೆ ಎಂದಿದ್ದರು. ಕರೆತರಲಿಲ್ಲ. ಆ ಹಿರಿಯರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಆಶ್ರಮದಲ್ಲಿ ಅಕ್ಕನನ್ನು ಹಾಸಿಗೆ ಹಿಡಿದವರ ಜೊತೆ ಹಿಂದಿನ ಕೋಣೆಯಲ್ಲಿ ಇಟ್ಟಿದ್ದರು. ಏನಾದರೂ ಕೆಲಸ ಮಾಡಿ ತೋರಿಸಿದರೆ ಹೊಲಿಗೆ ಕೋಣೆಯಲ್ಲಿ ಉಳಿದ ಹುಡುಗಿಯರೊಡನೆ ಕೂರಿಸುವುದಾಗಿ ಸಿಸ್ಟರ್ ಹೇಳಿಕಳಿಸಿದರು. ಬಾಯಮ್ಮನಿಗೆ ಹೋದ ಜೀವ ಬಂದಂತಾಯಿತು. ಬೆಳಿಗ್ಗೆ ಕೊಯ್ದ ಮೊಗ್ಗನ್ನು ಆತುರದಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ನನ್ನನ್ನೂ ಕರೆದುಕೊಂಡು ಹೊರಟರು. ಉಡುಪಿಯಲ್ಲಿ ಬಸ್ಸು ತಪ್ಪಿತು, ಬಿಸಿಲು ಏರಿತು. ಆಶ್ರಮದಲ್ಲಿ ಚೀಲ ಬಿಚ್ಚಿದಾಗ ಎಲ್ಲವೂ ಅರಳಿ ಘಮ್ಮೆನ್ನುತ್ತಿತ್ತು.

ಅಕ್ಕ ಒಂದು ಹೂ ಎತ್ತಿ ನೋಡಿದಳು. ಪಕ್ಕಕ್ಕೆ ಸರಿಸಿದಳು. ಮತ್ತೊಂದು... ಹೀಗೆ ರಾಶಿಯೆಲ್ಲ ಆ ಕಡೆಗೆ ಹೋಯಿತು. ನಾರು ಹಾಗೆಯೇ ಉಳಿಯಿತು.

"ನೋಡಿ, ಇವಳಿಗೆ ಕೆಲಸ ಬರುವುದಿಲ್ಲ. ನಾವು ಎಂತ ಮಾಡುವುದು?" ಎಂದರು ಸಿಸ್ಟರ್.

"ಅರಳಿದ್ದು ಅಲ್ವಾ ಸಿಸ್ಟರ್! ಅದನ್ನು ಕಟ್ಟಲಿಕ್ಕೆ ಉಂಟಾ? ಮೊಗ್ಗು ಕೊಟ್ಟು ನೋಡಿ," ಎಂದು ನಾನು ಜಗಳಕ್ಕೇ ನಿಂತೆ.

ಸಿಸ್ಟರ್ ಕೆಟ್ಟವರಲ್ಲ. ನನ್ನ ತಲೆ ಸವರಿ, ಅಕ್ಕನನ್ನು ಹಿಂದಿನ ಕೋಣೆಗೇ ಕರೆದೊಯ್ದರು.

"ಜೀವಮಾನವೆಲ್ಲ ಮಲ್ಲಿಗೆ ಬೆಳೆಸಿದವಳು ನಾನು. ಒಂದು ಒದ್ದೆ ಬಟ್ಟೆ ಸುತ್ತಲಿಕ್ಕೆ ನೆನಪಾಗಲಿಲ್ಲ," ಎಂದು ಬಾಯಮ್ಮ ದಾರಿಯುದ್ದಕ್ಕೂ ಅತ್ತರು.

ಮತ್ತೆ ಮೊಗ್ಗು ಒಯ್ಯಬೇಕೆಂದಿದ್ದೆವು. ಅಷ್ಟರಲ್ಲಿ ಮಳೆ ಹಿಡಿಯಿತು, ಗಿಡದಲ್ಲಿ ಹೂವಿರಲಿಲ್ಲ. ಗಿಡ ಮತ್ತೆ ಮೊಗ್ಗು ಬಿಡುವ ಮೊದಲೇ ಅಕ್ಕ ಜ್ವರದಲ್ಲಿ ಹೋದಳೆಂದು ಸುದ್ದಿ ಬಂತು.

ಈಗ ಅಕ್ಕನಂಥವರ ಸ್ಥಿತಿಗೆ ಆಟಿಸಂ ಎಂಬ ಹೆಸರಿದೆ. ಮಣಿಪಾಲದಲ್ಲಿ ತಜ್ಞರಿದ್ದಾರೆ, ಕೆಲಸ ಕಲಿಸುವವರೂ ಇದ್ದಾರೆ ಎನ್ನುತ್ತಾರೆ. ಒಳ್ಳೆಯದೇ. ಅಕ್ಕನಿಗೆ ಅದ್ಯಾವುದೂ ಸಿಗಲಿಲ್ಲ.

ಕಡಿಯಾಳಿಯ ಹೂವಿನಾಕೆ ನನ್ನ ಮಲ್ಲಿಗೆಯನ್ನು ಬಾಳೆಲೆಯಲ್ಲಿ ಸುತ್ತಿ ಕೊಟ್ಟು, ಮತ್ತೊಂದು ಅರಳಿದ ಹೂವನ್ನು ಪಕ್ಕಕ್ಕೆ ಸರಿಸಿದಳು. ಸುತ್ತ ಅಷ್ಟೊಂದು ಜನ ನಿಂತಿದ್ದರು. ಆಕೆಗೆ ಕೆಲಸ ಬರುವುದಿಲ್ಲ ಎಂದು ಯಾರೂ ಹೇಳಲಿಲ್ಲ.