ಸೀರೆಯ ಮೇಲೆ ರಿವಾಲ್ವರ್ ಪಟ್ಟಿ

ಬಂದೂಕಿನ ಅಂಗಡಿಯವರು ರಿವಾಲ್ವರಿನ ಒರೆ ಇದ್ದ ಚರ್ಮದ ಪಟ್ಟಿಯನ್ನು ನನ್ನ ಮೈದುನನ ಸೊಂಟಕ್ಕೆ ಸುತ್ತಿ ಅಳತೆ ನೋಡತೊಡಗಿದರು. ಲೈಸೆನ್ಸ್ ಇದ್ದದ್ದು ನನ್ನ ಹೆಸರಿನಲ್ಲಿ! ಎಪ್ಪತ್ತರ ದಶಕದ ಮಾತು. ಪತಿ ತೀರಿಕೊಂಡ ಮೇಲೆ ಮೋರಟಗಿಯ ತೋಟದ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಕಳ್ಳರು ಬಾಗಿಲು ಮುರಿಯಲು ನೋಡಿದ್ದರೂ ಮನೆ ಬಿಡಲು ಒಪ್ಪಿರಲಿಲ್ಲ.

"ಪಟ್ಟಿ ನಿಮಗ್ಯಾಕ್ರಿ ವೈನಿ? ಈ ಮಖಮಲ್ಲಿನ ಪೆಟ್ಟಿಗಿ ತಗೋರಿ. ಖಂಡೇನವಮಿಗೆ ಆಯುಧ ಪೂಜಿಗೆ ಇಡಾಕ ಛಲೋ ಆಗತೈತಿ," ಎಂದ ಮೈದುನ. ಅಂಗಡಿಯವರೂ ನಕ್ಕು ತಲೆಯಾಡಿಸಿದರು.

ನನಗೆ ಮೈಯೆಲ್ಲ ಉರಿಯಿತು. ಪಟ್ಟಿಯನ್ನು ಅವನಿಂದ ಬಿಚ್ಚಿಸಿಕೊಂಡೆ. ಜೋಳದ ಕೊಯ್ಲಿಗೆ ಇಳಿದಾಗ ಮಾಡುವಂತೆ ಸೆರಗನ್ನು ನಡುವಿಗೆ ಬಿಗಿದು, ಅದರ ಮೇಲೆ ಪಟ್ಟಿ ಕಟ್ಟಿದೆ. ಸಡಿಲಾಯಿತು. ಅಂಗಡಿಯವರಿಗೆ ಬೆರಳಿಟ್ಟು ತೋರಿಸಿದೆ.

"ಇಲ್ಲಿ ಇನ್ನೊಂದು ತೂತ ಹೊಡೀರಿ. ಪೂಜಿಗೆ ನಮ್ಮನಿಯಾಗ ಕುಡಗೋಲ ಐತಿ. ನನಗ ಕೀಲಿ ಹಾಕೂ ಕಬ್ಬಿಣದ ಪೆಟ್ಟಿಗಿ, ನಳಿಗಿ ತಿಕ್ಕೂ ಸಳಿ, ಎಣ್ಣಿ ಕೊಡ್ರಿ."

ಆ ರಿವಾಲ್ವರ್ ಹಾರಿಸುವ ಪ್ರಸಂಗ ಬರಲೇ ಇಲ್ಲ. ಪಟ್ಟಿ ಈಗಲೂ ಇದೆ. ಅದರಲ್ಲಿ ಮೊದಲೇ ಇದ್ದ ತೂತುಗಳು ಹೊಸದರಂತೆಯೇ ಇವೆ. ನಾನು ಹೊಡೆಸಿದ್ದು ಮಾತ್ರ ಸವೆದು ಅಗಲವಾಗಿದೆ.