ತಮ್ಮ ಬರಲಿ, ಆಮೇಲೆ ಪ್ರಸಾದ

ನಮ್ಮಪ್ಪನದು ಒಂದೇ ಹಟ. ಯಾರ ಜೊತೆಗಾದರೂ ಮನಸ್ತಾಪವಿದ್ದರೆ ಚರ್ಚಿನ ಭಾನುವಾರದ ಪೂಜೆಯಲ್ಲಿ ಫಾದರ್ ನಾಲಿಗೆಯ ಮೇಲಿಡುವ ಪರಮಪ್ರಸಾದ ತೆಗೆದುಕೊಳ್ಳುವಂತಿಲ್ಲ. ಮೊದಲು ಹೋಗಿ ರಾಜಿಯಾಗಬೇಕು, ಆಮೇಲೆ ದೇವರ ಮುಂದೆ ಬಾಯಿ ತೆರೆಯಬೇಕು. ಯೇಸು ಹೇಳಿದ ಈ ಮಾತನ್ನು ಎಲ್ಲರೂ ಓದಿ ಮಡಚಿಡುತ್ತಾರೆ, ಇವರು ಹಾಗೇ ಪಾಲಿಸುತ್ತಿದ್ದರು. ಹಾಗಾಗಿ ವಿದ್ಯಾರಣ್ಯಪುರದ ನಮ್ಮ ಮನೆಯಲ್ಲಿ ಯಾವ ಜಗಳವೂ ಶನಿವಾರ ಸಂಜೆ ದಾಟುತ್ತಿರಲಿಲ್ಲ. ನೀರಿನ ಮೋಟರ್ ವಿಷಯಕ್ಕೆ ಮಹಡಿ ಮನೆಯವರ ಮೇಲೆ ಕೂಗಾಡಿದ್ದರೆ, ಶನಿವಾರ ಮೆಟ್ಟಿಲು ಹತ್ತಿ ಹೋಗಿ "ತಪ್ಪಾಯ್ತು ಕಣ್ರೀ" ಅಂದು, ಕಾಫಿ ಕುಡಿದು ಬರುತ್ತಿದ್ದರು. ಅಮ್ಮನಂತೂ ಹೊಸ ಸೀರೆಯ ಮಾತನ್ನು ಶನಿವಾರಕ್ಕೇ ಎತ್ತಿಡುತ್ತಿದ್ದಳು.

ಅದೇ ಮನುಷ್ಯ ಒಮ್ಮೆ ದೊಡ್ಡದಾಗಿ ಎಡವಿದರು. ಟಿ. ದಾಸರಹಳ್ಳಿಯ ಚಿಕ್ಕಪ್ಪನ ಮಗಳು ಹುಬ್ಬಳ್ಳಿ ಕಡೆಯ ಹಿಂದೂ ಹುಡುಗನನ್ನು ರಿಜಿಸ್ಟರ್ ಮದುವೆಯಾದಳು. ಅದಕ್ಕೆ ಅಪ್ಪ ತಕರಾರು ತೆಗೆಯಲಿಲ್ಲ. ಆದರೆ ದಿನ ತಪಸ್ಸು ಕಾಲದಲ್ಲಿ ಬಿತ್ತು. ಈಸ್ಟರ್‌ಗೆ ಮುಂಚಿನ ಆ ಉಪವಾಸದ ವಾರಗಳಲ್ಲಿ ನಮ್ಮ ಮನೆತನದಲ್ಲಿ ಮದುವೆ ಮಾಡುವುದಿಲ್ಲ, ಮಾಂಸ ಮುಟ್ಟುವುದಿಲ್ಲ; ಚಿಕ್ಕಪ್ಪ ಬಿರಿಯಾನಿ ಹಾಕಿಸಿದ್ದರು. ಅಪ್ಪ ಹೋಗಲಿಲ್ಲ, ನಮ್ಮನ್ನೂ ಬಿಡಲಿಲ್ಲ. ದೊಡ್ಡಪ್ಪ ಬಂದು ತಲೆಯ ಮೇಲೆ ಕೈಯಿಡಲಿ ಅಂತ ಹುಡುಗಿ ಊಟಕ್ಕೂ ಕೂರದೆ ಕಾದಳಂತೆ. ಅವತ್ತಿನಿಂದ ಚಿಕ್ಕಪ್ಪ ಮಾತು ಬಿಟ್ಟರು.

ಈಸ್ಟರ್ ಬರುವಷ್ಟರಲ್ಲಿ ಅಪ್ಪನಿಗೆ ತಪ್ಪಿನ ಅರಿವಾಗಿತ್ತು. "ಉಪವಾಸ ಹಿಡ್ಕೊಂಡು ಕೂತೆ, ಮಗು ಮನಸ್ಸು ನೋಡ್ಲಿಲ್ಲ" ಅಂದರು. ಹುಡುಗಿಯ ಮನೆಗೆ ಹೋಗಿ ಕ್ಷಮೆ ಕೇಳಿದರು. ಅವಳು ಅತ್ತು ಕಾಲಿಗೆ ಬಿದ್ದಳು. ಅವಳಪ್ಪ ಮಾತ್ರ ಜಗ್ಗಲಿಲ್ಲ. ಶನಿವಾರ ಬಂದರೆ ಅಪ್ಪ ಬಸ್ಸು ಬದಲಿಸಿಕೊಂಡು ದಾಸರಹಳ್ಳಿಗೆ ಹೋಗುತ್ತಿದ್ದರು. ಚಿಕ್ಕಮ್ಮ ಗೇಟಿನ ಹತ್ತಿರ ನೀರು ತಂದುಕೊಡುತ್ತಿದ್ದರು, ಒಳಗೆ ಟಿವಿ ಸದ್ದು ಜೋರಾಗುತ್ತಿತ್ತು.

ಭಾನುವಾರ ಎಲ್ಲರೂ ಪ್ರಸಾದದ ಸಾಲಿಗೆ ಎದ್ದರೆ ಅಪ್ಪ ಮಂಡಿ ಸರಿಸಿ ಅವರಿಗೆ ದಾರಿ ಬಿಟ್ಟು ಬೆಂಚಿನಲ್ಲೇ ಕೂರುತ್ತಿದ್ದರು. "ನಿಮ್ಮ ಪಾಲಿಂದು ನೀವು ಮಾಡಿದ್ದೀರ, ಬನ್ನಿ" ಎಂದು ಫಾದರ್ ಎಷ್ಟೋ ಸಲ ಕರೆದರು. "ತಮ್ಮ ಮಾತಾಡ್ಲಿ ಫಾದರ್, ಆಮೇಲೆ" ಅನ್ನುವುದೇ ಉತ್ತರ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿಯೇ ಕೊಡುತ್ತೇನೆಂದರೂ ಇವರು ತೆಗೆದುಕೊಳ್ಳಲಿಲ್ಲ. ವರ್ಷಗಳು ಹೀಗೇ ಹೋದವು. ನನಗೆ ಈ ಅಣ್ಣತಮ್ಮಂದಿರಿಬ್ಬರ ಮೇಲೂ ಕೆಟ್ಟ ಸಿಟ್ಟು ಬರುತ್ತಿತ್ತು.

ಅಪ್ಪನ ಹೃದಯ ಸೋತಾಗ ಹೆಬ್ಬಾಳದ ಆಸ್ಪತ್ರೆಗೆ ಸೇರಿಸಿದೆವು. ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ ಬೆಳಗ್ಗೆ ಫಾದರ್ ಪ್ರಸಾದ ತಂದರು. ಅಪ್ಪ ತುಟಿ ಬಿಗಿದರು. ನಾನು ಹೊರಗೆ ಬಂದು ಚಿಕ್ಕಪ್ಪನಿಗೆ ಫೋನ್ ಮಾಡಿದೆ.

"ನಿಮ್ಮಣ್ಣ ಸಾಯ್ತಿದ್ದಾರೆ. ನಿಮ್ಮಿಂದಾಗಿ ಪ್ರಸಾದಾನೂ ತಗೊಳ್ತಿಲ್ಲ."

ಆ ಕಡೆ ಟಿವಿಯ ಸದ್ದು ನಿಂತಿತು. ಆಮೇಲೆ, "ಬರ್ತಿದೀನಿ ಅಂತ ಹೇಳು" ಅಂದರು.

"ಫೋನ್ ಅವ್ರಿಗೇ ಕೊಡ್ಲಾ?"

"ಬೇಡಮ್ಮ. ಮುಖ ನೋಡಿ ಮಾತಾಡ್ಬೇಕು."

ಅಪ್ಪನಿಗೆ ಹೇಳಿದೆ. ಅವರ ಕಣ್ಣರಳಿತು. "ಬರ್ಲಿ, ಆಮೇಲೆ ತಗೊಳ್ತೀನಿ" ಅಂದರು. ಫಾದರ್ ಪ್ರಸಾದದ ಪುಟ್ಟ ಡಬ್ಬಿ ಹಿಡಿದು ಪಕ್ಕದಲ್ಲೇ ಕೂತರು. ಚಿಕ್ಕಪ್ಪನ ಆಟೋ ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಅವರು ವಾರ್ಡಿನ ಬಾಗಿಲಿಗೆ ಬರುವಷ್ಟರಲ್ಲಿ ನರ್ಸ್ ಅಪ್ಪನ ಮುಖಕ್ಕೆ ಬಟ್ಟೆ ಎಳೆದಾಗಿತ್ತು.

ಚಿಕ್ಕಪ್ಪ ನನ್ನ ಕೈ ಹಿಡಿದು ಕೇಳಿದ್ದು ಒಂದೇ. "ಅಣ್ಣ ತಗೊಂಡ್ರಾ?"

ಬೈಯಲು ವರ್ಷಗಳಿಂದ ಕೂಡಿಟ್ಟ ಮಾತುಗಳಿದ್ದವು. ಅವು ಯಾವುವೂ ಬೇಕಿರಲಿಲ್ಲ, ಇಲ್ಲ ಎಂಬ ಒಂದೇ ಮಾತು ಸಾಕಿತ್ತು, ಆ ಮನುಷ್ಯ ಅಲ್ಲೇ ಕುಸಿಯುತ್ತಿದ್ದರು. ಕುಸಿಯಲಿ ಅಂತಲೂ ಅನ್ನಿಸಿತು. ಆದರೆ ಜಗಳ ಉಳಿಸಿಕೊಳ್ಳುವುದನ್ನು ಅಪ್ಪ ನನಗೆ ಕಲಿಸಲೇ ಇಲ್ಲ.

"ನೀವು ಬರ್ತಿದೀರ ಅಂತ ಹೇಳ್ದೆ ಚಿಕ್ಕಪ್ಪ. ಖುಷಿಯಾಗಿ ತಗೊಂಡ್ರು."

ಅವರು ಫಾದರ್ ಮುಖ ನೋಡಿದರು. ಫಾದರ್ ಡಬ್ಬಿಯನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡು, "ಸಮಾಧಾನವಾಗಿ ಹೋದ್ರು" ಅಂದರು. ಚಿಕ್ಕಪ್ಪ ಅಣ್ಣನ ಪಾದಕ್ಕೆ ಹಣೆ ಹಚ್ಚಿ ಅತ್ತರು. ನಾನು ಅವರ ಬೆನ್ನು ಸವರುತ್ತಾ ನಿಂತೆ. ಅಪ್ಪ ಹಸಿದುಕೊಂಡೇ ಹೋದರು.